ಹೊರದಾರಿಯ ನಕ್ಷೆ

ಉತ್ತರ ಅಮೆರಿಕ ಖಂಡದ ಭೂಪಟವನ್ನು ಬಿಚ್ಚಿ ಕೆನಡಾ ದೇಶದ ಆಂಟೇರಿಯೊ ಪ್ರಾಂತದ ಮೇಲೆ ದೃಷ್ಟಿಯಿಟ್ಟರೆ, ಅಲ್ಲಿ ನೆಲಕ್ಕಿಂತ ನೀರೇ ಹೆಚ್ಚೋ ಎಂಬ ಭ್ರಾಂತಿಯುಂಟಾಗುತ್ತದೆ. ಆ ಒಂದು ಪ್ರಾಂತದಲ್ಲಿಯೇ ಸುಮಾರು 2,50,000 ಸರೋವರಗಳಿವೆಯೆಂದು ಎಣಿಕೆಯುಂಟು. ಹಿಂದಿನ ಹಿಮಯುಗದಲ್ಲಿ ಬೆಟ್ಟದಷ್ಟು ದಪ್ಪದ ಮಂಜುಗಡ್ಡೆಯು ಈ ಪುರಾತನ ಬಂಡೆಯ ನೆಲದ ಮೇಲೆ ಸರಿದು, ಮಣ್ಣನ್ನು ಕೆರೆದು, ಗುಳಿಗಳನ್ನು ತೋಡಿ, ಕೊನೆಗೆ ಕರಗಿಹೋಯಿತು. ಆ ಗುಳಿಗಳಲ್ಲಿ ನಿಂತ ನೀರೇ ಇಂದಿನ ಸರೋವರಗಳು. ಅವುಗಳ ಸುತ್ತ ದೇವದಾರು, ಪೈನ್, ಭೂರ್ಜ ವೃಕ್ಷಗಳ ಕಾಡು. ಊರಿಲ್ಲ, ಹೊಲವಿಲ್ಲ, ಬಹುಭಾಗದಲ್ಲಿ ಬಂಡಿಯ ದಾರಿಯೂ ಇಲ್ಲ.

ಇಂತಹ ಸೀಮೆಯಲ್ಲಿ ಸಂಚರಿಸಲು ಆ ನೆಲದ ಮೂಲನಿವಾಸಿಗಳು ಅನೇಕ ಶತಮಾನಗಳ ಹಿಂದೆಯೇ ಒಂದು ಉಪಾಯವನ್ನು ಕಂಡುಕೊಂಡಿದ್ದರು. ಭೂರ್ಜದ ತೊಗಟೆಯಿಂದ ಮಾಡಿದ ಹಗುರವಾದ ಉದ್ದನೆಯ ದೋಣಿಯೇ ಆ ಉಪಾಯ. ಅದನ್ನು ಕನೂ ಎನ್ನುತ್ತಾರೆ. ನೀರಿರುವಷ್ಟು ದೂರ ದೋಣಿಯು ಮನುಷ್ಯನನ್ನು ಹೊರುತ್ತದೆ. ನೀರು ಮುಗಿದಲ್ಲಿ ಮನುಷ್ಯನು ದೋಣಿಯನ್ನು ತಲೆಯ ಮೇಲೆ ಬೋರಲಾಗಿ ಹೊತ್ತು ಮುಂದಿನ ಸರೋವರಕ್ಕೆ ನಡೆಯುತ್ತಾನೆ. ಹೀಗೆ ಹೊತ್ತು ನಡೆಯುವ ಕಾಲುದಾರಿಗೆ ಫ್ರೆಂಚರಿಟ್ಟ ಹೆಸರು ಪೋರ್ಟೇಜ್. ನಾವು ಅದನ್ನು ಹೊರೆದಾರಿಯೆಂದು ಕರೆಯೋಣ. ಇಂದು ತೊಗಟೆಯ ಸ್ಥಾನದಲ್ಲಿ ಹೊಸ ಹೊಸ ಕೃತಕ ನಾರುಗಳು ಬಂದಿವೆ. ಆದರೆ ದೋಣಿಯ ಆಕಾರ ಬದಲಾಗಿಲ್ಲ, ಹೊರೆದಾರಿಗಳಲ್ಲಿ ಅನೇಕವು ಹಳೆಯವೇ.

ಟೊರಾಂಟೊ ನಗರದಿಂದ ಉತ್ತರಕ್ಕೆ ಮೋಟಾರಿನಲ್ಲಿ ಸುಮಾರು ಮೂರು ಗಂಟೆ ಪ್ರಯಾಣ ಮಾಡಿದರೆ ಅಲ್ಗಾಂಕ್ವಿನ್ ವನ ಸಿಕ್ಕುತ್ತದೆ. 1893ರಲ್ಲಿ ರಕ್ಷಿತವೆಂದು ಸಾರಲ್ಪಟ್ಟ ಈ ವನದ ವಿಸ್ತಾರವು 7,600 ಚದರ ಕಿಲೋಮೀಟರುಗಳಿಗಿಂತ ಹೆಚ್ಚು. ಇದರ ದಕ್ಷಿಣದ ಅಂಚಿನಲ್ಲಿ ಒಂದೇ ಒಂದು ಹೆದ್ದಾರಿಯು ಸುಮಾರು 56 ಕಿಲೋಮೀಟರ್ ಹಾದುಹೋಗುತ್ತದೆ. ಅದರ ಉತ್ತರಕ್ಕೆ ಹರಡಿರುವ ಒಳನಾಡಿಗೆ ಕನೂ ದೋಣಿ, ಇಲ್ಲವೆ ಕಾಲುನಡಿಗೆ ಎರಡೇ ಸಾಧನಗಳು. ಸೆಪ್ಟೆಂಬರ್ ತಿಂಗಳ ಒಂದು ಮುಂಜಾನೆ ನಾವು ನಾಲ್ವರು ಎರಡು ದೋಣಿಗಳನ್ನು ಬಾಡಿಗೆಗೆ ಪಡೆದು ಇಲ್ಲಿಂದಲೇ ಹೊರಟೆವು. ಮೇಪಲ್ ಮರಗಳ ತುದಿಗಳು ಕೆಂಪಾಗತೊಡಗಿದ್ದವು. ಬೇಸಗೆಯ ಸೊಳ್ಳೆಗಳು ಹಿಂಜರಿದಿದ್ದವು. ನೀರಿನ ಮೇಲೆ ಲೂನ್ ಎಂಬ ಹಕ್ಕಿಯ ಕೂಗು ಮಾತ್ರ ದೂರದಿಂದ ದೂರಕ್ಕೆ ಹೋಗುತ್ತಿತ್ತು.

ದೋಣಿಗಳನ್ನು ಕೊಟ್ಟ ಮುದುಕನು ನಮ್ಮ ಕೈಯಲ್ಲಿದ್ದ ನಕ್ಷೆಯನ್ನು ನೋಡಿದನು. ಅದು ನಾವು ಹೋಗಬೇಕಾದ ಸರೋವರಗಳನ್ನಷ್ಟೇ ತೋರಿಸುವ ಉದ್ದನೆಯ ಪಟ್ಟಿ. ದಿನದಿನದ ಬಳಕೆಗೆ ಅದೇ ಅನುಕೂಲ. “ಇದು ಹೋಗುವುದಕ್ಕೆ ಸಾಕು,” ಎಂದನು, “ಹೊರಗೆ ಬರುವುದಕ್ಕೆ ಏನನ್ನು ಇಟ್ಟುಕೊಂಡಿದ್ದೀರಿ?” ಇಡೀ ವನವನ್ನು ತೋರಿಸುವ ಮತ್ತೊಂದು ಹಾಳೆಯು ಎರಡನೆಯ ದೋಣಿಯ ಗಂಟಿನಲ್ಲಿದೆಯೆಂದು ತೋರಿಸಿದಾಗ ಅವನು ತಲೆದೂಗಿ, ಸೀಸದ ಕಡ್ಡಿಯನ್ನು ತೆಗೆದುಕೊಂಡು, ಹೆದ್ದಾರಿಯನ್ನು ಮುಟ್ಟುವ ಜಲಮಾರ್ಗಗಳ ಮೇಲೆಲ್ಲ ಚಿಕ್ಕ ಚಿಕ್ಕ ಬಾಣಗಳನ್ನು ಎಳೆದುಕೊಟ್ಟನು. ಅವನ ಪ್ರಶ್ನೆಯು ಆಗ ನಮಗೆ ವೃದ್ಧರ ಅತಿ ಎಚ್ಚರಿಕೆಯೆಂದು ತೋರಲಿಲ್ಲ. ಹೊರಡುವ ದಿನ ಮನೆಯ ಹಿರಿಯರು ಕೇಳುವ ಮಾತಿನಂತೆ ಕೇಳಿಸಿತು.

ನಮ್ಮ ದಾರಿ ಹೀಗಿತ್ತು: ವನದ ಸರೋವರಗಳಲ್ಲೆಲ್ಲ ದೊಡ್ಡದಾದ ಓಪಿಯಾಂಗೊವನ್ನು ದಾಟಿ, ಎರಡು ಕಿಲೋಮೀಟರಿಗೂ ಮಿಕ್ಕ ಹೊರೆದಾರಿಯಲ್ಲಿ ನಡೆದು ಹ್ಯಾಪಿ ಐಲ್ ಸರೋವರ, ಅಲ್ಲಿಂದ ಮರ್ಚಂಟ್ ಸರೋವರ, ಅಲ್ಲಿಂದ ಬಿಗ್ ಟ್ರೌಟ್ ಸರೋವರ, ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ನಾಲ್ಕನೆಯ ರಾತ್ರಿ ಬಿಗ್ ಟ್ರೌಟಿನ ದಡದಲ್ಲಿ ಡೇರೆ ಹಾಕಿದ್ದಾಗ ಮಿತ್ರರೊಬ್ಬರಿಗೆ ಜ್ವರ ಕಾಣಿಸಿಕೊಂಡಿತು. ಬೆಳಗಾಗುವ ವೇಳೆಗೆ ಅದು ಏರಿತು. ಇದೇ ಸಮಯಕ್ಕೆ ಓಪಿಯಾಂಗೊ ಕಡೆಯಿಂದ ಬಂದ ಯಾತ್ರಿಕರು, ಅಲ್ಲಿ ದಕ್ಷಿಣದ ಗಾಳಿ ಎದ್ದಿದೆಯೆಂದೂ, ತೆರೆಗಳ ನೆತ್ತಿ ಬೆಳ್ಳಗೆ ಒಡೆಯುತ್ತಿದೆಯೆಂದೂ, ತೆಂಕಣ ದಡಕ್ಕೆ ಹೋಗಬೇಕಾದ ದೋಣಿಗಳು ಗಾಳಿ ತಗ್ಗುವುದನ್ನು ಕಾಯುತ್ತ ನಿಂತಿವೆಯೆಂದೂ ತಿಳಿಸಿದರು. ಆರೋಗ್ಯವಂತರು ಒಂದು ದಿನ ಕಾಯಬಹುದು, ಎರಡು ದಿನವೂ ಕಾಯಬಹುದು. ಜ್ವರಪೀಡಿತನನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಗಾಳಿಯ ಮರ್ಜಿಯನ್ನು ಕಾಯುವುದು ಬೇರೆ ಮಾತು.

ಆಗ ಎರಡನೆಯ ಗಂಟಿನಿಂದ ಆ ದೊಡ್ಡ ಹಾಳೆ ಹೊರಬಂದಿತು. ಮುದುಕನ ಬಾಣಗಳಲ್ಲಿ ಒಂದು ಬಿಗ್ ಟ್ರೌಟಿನಿಂದ ನೈಋತ್ಯಕ್ಕೆ ಹೋಗುತ್ತಿತ್ತು. ಆಟರ್‌ಸ್ಲೈಡ್ ಎಂಬ ತೊರೆ, ಅದೇ ಹೆಸರಿನ ಸರೋವರ, ಬರ್ಂಟ್ ಐಲೆಂಡ್ ಸರೋವರ, ಜೋ ಸರೋವರ, ಕೊನೆಗೆ ಹೆದ್ದಾರಿಯ ಮಗ್ಗುಲಲ್ಲೇ ಇರುವ ಕನೂ ಸರೋವರ. ಹೊರೆದಾರಿಗಳ ಸಂಖ್ಯೆ ಹೆಚ್ಚು. ಆದರೆ ಒಂದೂ ಒಂದು ಕಿಲೋಮೀಟರಿನಷ್ಟು ಉದ್ದವಿಲ್ಲ. ನೀರೆಲ್ಲ ಬಹುಮಟ್ಟಿಗೆ ಇಕ್ಕಟ್ಟಾದದ್ದು. ಅಗಲವಿರುವಲ್ಲಿ ದಡವನ್ನು ಹಿಡಿದು ಸಾಗಬಹುದು. ರೋಗಿಯನ್ನು ದೋಣಿಯ ನಡುವೆ ಕೂರಿಸಿ, ಅವನ ಹೊರೆಯನ್ನು ಮೂವರು ಹಂಚಿಕೊಂಡು ಹೊರಟೆವು. ಎರಡನೆಯ ದಿನದ ಸಂಜೆಗೆ ಕನೂ ಸರೋವರದ ಕಟ್ಟೆಯ ಮೇಲೆ ನಿಂತಿದ್ದೆವು. ಅಲ್ಲಿಂದ ಓಪಿಯಾಂಗೊ ಕಡೆಗೆ ಸುಮಾರು ಮೂವತ್ತು ಕಿಲೋಮೀಟರ್ ಹೆದ್ದಾರಿ. ಮೋಟಾರಿಗೆ ಅದೊಂದು ದೂರವಲ್ಲ. ಮಿತ್ರರು ಆ ರಾತ್ರಿಯೇ ವೈದ್ಯರ ಕೈ ಸೇರಿದರು, ವಾರದೊಳಗೆ ಚೇತರಿಸಿಕೊಂಡರು. ಇದರಲ್ಲಿ ಸಾಹಸವೇನೂ ಇಲ್ಲ. ಎರಡನೆಯ ಹಾಳೆಯಿದ್ದುದರಿಂದಲೇ ಇದು ಸಾಹಸವಾಗಲಿಲ್ಲ.

ಅಂತಹ ಹಾಳೆಯಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಇದೇ ದೇಶದ ಪೂರ್ವದ ತುದಿಯಲ್ಲಿ, ಲ್ಯಾಬ್ರಡಾರ್ ಸೀಮೆಯಲ್ಲಿ, 1903ರಲ್ಲಿ ನಡೆದ ದುರಂತವು ಸಾಕ್ಷಿಯಾಗಿದೆ. ಲಿಯೋನಿಡಾಸ್ ಹಬ್ಬರ್ಡ್ ಎಂಬ ತರುಣ ಪತ್ರಿಕಾಕರ್ತನು, ಡಿಲನ್ ವ್ಯಾಲೆಸ್ ಎಂಬ ವಕೀಲನನ್ನೂ ಜಾರ್ಜ್ ಎಲ್ಸನ್ ಎಂಬ, ಕ್ರೀ ಜನಾಂಗದ ರಕ್ತಸಂಬಂಧವುಳ್ಳ, ನಿಪುಣ ದೋಣಿಗನನ್ನೂ ಕೂಡಿಕೊಂಡು ಜುಲೈ ತಿಂಗಳಿನಲ್ಲಿ ಒಂದೇ ಕನೂವಿನಲ್ಲಿ ಹೊರಟನು. ಗ್ರ್ಯಾಂಡ್ ಸರೋವರದ ತಲೆಗೆ ಬಂದು ಸೇರುವ ನಾಸ್ಕಾಪಿ ನದಿಯನ್ನು ಹತ್ತಿ ಒಳನಾಡಿನ ಮಿಚಿಕಮಾವ್ ಎಂಬ ದೊಡ್ಡ ಸರೋವರಕ್ಕೆ ಹೋಗುವುದು ಅವರ ಉದ್ದೇಶ. ಅವರಲ್ಲಿದ್ದ ನಕ್ಷೆಯು ಭೂಗರ್ಭ ಇಲಾಖೆಯ ಎ. ಪಿ. ಲೋ ಎಂಬ ಸಮರ್ಥ ಶೋಧಕನದು. ಆದರೆ ಆ ಭಾಗವನ್ನು ಲೋ ಸ್ವತಃ ಕಂಡಿರಲಿಲ್ಲ. ಕೇಳಿದ ಮಾತಿನ ಮೇಲೆ ಚುಕ್ಕಿಗೆರೆಯಲ್ಲಿ ಒಂದು ನದಿಯನ್ನು ಗುರುತಿಸಿದ್ದನು. ನಿಜವಾಗಿ ಅಲ್ಲಿ ಬಂದು ಸೇರುವ ನದಿಗಳು ಒಂದಕ್ಕಿಂತ ಹೆಚ್ಚು. ನಕ್ಷೆಯಲ್ಲಿ ಒಂದೇ ಇದ್ದುದರಿಂದ ಅವರು ಕಣ್ಣಿಗೆ ಬಿದ್ದ ಸೂಸನ್ ಎಂಬ ಕಿರುನದಿಯನ್ನೇ ನಾಸ್ಕಾಪಿಯೆಂದು ಭಾವಿಸಿ ಹೊಕ್ಕರು.

ಕಲ್ಲು, ಜವುಗು, ಸೊಳ್ಳೆಗಳ ನಡುವೆ ದೋಣಿಯನ್ನು ಎಳೆಯುತ್ತ ಬೇಸಗೆಯೇ ಕಳೆಯಿತು. ಸೂಸನ್ನಿನಿಂದ ಬೀವರ್ ಎಂಬ ಬೇರೊಂದು ನದಿಗೆ ದಾಟಿ, ಮತ್ತೂ ಮೇಲೆ ಹೋಗಿ, ಸೆಪ್ಟೆಂಬರಿನಲ್ಲಿ ಬೆಟ್ಟದ ಮೇಲಿನಿಂದ ಮಿಚಿಕಮಾವನ್ನು ಕಣ್ಣಾರೆ ಕಂಡರು; ಮುಟ್ಟಲಾರದೆ ಹಿಂದಿರುಗಿದರು. ಆಹಾರ ತೀರಿತ್ತು. ಬೀವರ್ ನದಿಯಲ್ಲಿ ಇಳಿಯುತ್ತ ಬಂದಾಗ ನಿರ್ಣಯದ ಗಳಿಗೆ ಒದಗಿತು. ಈ ದೊಡ್ಡ ನದಿಯನ್ನೇ ಹಿಡಿದು ಕೆಳಕ್ಕೆ ಹೋಗುವುದೆ? ಅಥವಾ ದೋಣಿಯನ್ನು ಬಿಟ್ಟು, ಬಂದ ಸೂಸನ್ ಕಣಿವೆಯಲ್ಲಿಯೇ ಕಾಲುನಡಿಗೆಯಲ್ಲಿ ಹೋಗುವುದೆ? ಎಲ್ಸನನ ಮನಸ್ಸು ದೊಡ್ಡ ನದಿಯ ಕಡೆಗಿತ್ತು. ಆದರೆ ಅದು ಎಲ್ಲಿಗೆ ಒಯ್ಯುತ್ತದೆಂಬುದು ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ. ಹಬ್ಬರ್ಡನು ತಿಳಿದ ದಾರಿಯನ್ನೇ ಆರಿಸಿದನು. ದೋಣಿಯನ್ನು ಅಲ್ಲಿಯೇ ಬಿಟ್ಟು ಮೂವರೂ ನಡೆದರು. ಅಕ್ಟೋಬರ್ ತಿಂಗಳಲ್ಲಿ, ಸೂಸನ್ ಕಣಿವೆಯ ಡೇರೆಯೊಂದರಲ್ಲಿ, ಹಬ್ಬರ್ಡನು ಹಸಿವಿನಿಂದ ಪ್ರಾಣಬಿಟ್ಟನು. ಎಲ್ಸನನು ಹೇಗೋ ಗ್ರ್ಯಾಂಡ್ ಸರೋವರವನ್ನು ಮುಟ್ಟಿ ಬೇಟೆಗಾರರನ್ನು ಕಳುಹಿಸಿದುದರಿಂದ ವ್ಯಾಲೆಸನು ಬದುಕಿದನು.

ಬೀವರ್ ನದಿಯೂ ಕೊನೆಗೆ ಅದೇ ಗ್ರ್ಯಾಂಡ್ ಸರೋವರವನ್ನೇ ಸೇರುತ್ತದೆ. ನದಿಯನ್ನು ಹಿಡಿದಿದ್ದರೆ ಮೂವರೂ ಉಳಿಯುತ್ತಿದ್ದರೆಂದು ಖಂಡಿತವಾಗಿ ಹೇಳಲಾಗದು. ಅದರಲ್ಲಿಯೂ ಭೋರ್ಗರೆಯುವ ಇಳಿಜಾರುಗಳುಂಟು. ಆದರೆ ತಮ್ಮ ಮುಂದಿರುವುದು ಎರಡು ದಾರಿ, ಎರಡರ ಕೊನೆಯೂ ಒಂದೇ ಎಂಬುದಾದರೂ ಅವರಿಗೆ ತಿಳಿದಿರುತ್ತಿತ್ತು. ಧೈರ್ಯ, ಸ್ನೇಹ, ದೈವಭಕ್ತಿ ಯಾವುದಕ್ಕೂ ಆ ಮೂವರಲ್ಲಿ ಕೊರತೆಯಿರಲಿಲ್ಲ. ನಮ್ಮ ಮನೆಗಳಲ್ಲಿ ಭಾರತದ ಕಥೆಯನ್ನು ಕೇಳಿ ಬೆಳೆದವರಿಗೆ ಇಲ್ಲಿ ಅಭಿಮನ್ಯುವಿನ ನೆನಪಾಗದಿರದು. ಚಕ್ರವ್ಯೂಹವನ್ನು ಹೊಗುವ ಬಗೆಯನ್ನು ಅವನು ಬಲ್ಲನು. ಹೊರಬರುವ ಬಗೆಯನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಈ ಕಥೆಗೆ ಒಂದು ಉತ್ತರಭಾಗವುಂಟು. ಹಬ್ಬರ್ಡನ ಹೆಂಡತಿ ಮೀನಾ ಹಬ್ಬರ್ಡಳು 1905ರಲ್ಲಿ ಅದೇ ಎಲ್ಸನನನ್ನೂ ಮತ್ತೆ ಮೂವರು ದೋಣಿಗರನ್ನೂ ಕರೆದುಕೊಂಡು, ಈ ಸಲ ನಿಜವಾದ ನಾಸ್ಕಾಪಿ ನದಿಯನ್ನೇ ಹತ್ತಿ, ಮಿಚಿಕಮಾವನ್ನು ದಾಟಿ, ಜಾರ್ಜ್ ನದಿಯಲ್ಲಿ ಇಳಿದು, ಆಗಸ್ಟ್ ತಿಂಗಳ ಕೊನೆಗೆ ಉತ್ತರದ ಅಂಗಾವಾ ಕೊಲ್ಲಿಯನ್ನು ಸೇರಿದಳು. ದಾರಿಯುದ್ದಕ್ಕೂ ಸೂರ್ಯನ ಎತ್ತರವನ್ನು ಅಳೆದು ಟಿಪ್ಪಣಿ ಬರೆದುಕೊಂಡಳು. 1908ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಆ ಎರಡು ನದಿಗಳ ನಕ್ಷೆಯನ್ನು ಕೊಟ್ಟಳು. ಜಾರ್ಜ್ ನದಿಯ ಮೇಲೆ ಆಕೆಗೆ ಆ ನೆಲದ ಮೂಲನಿವಾಸಿಗಳ ಬೀಡುಗಳು ಸಿಕ್ಕಿದವು. ಸಮುದ್ರದ ಬಳಿಯ ಠಾಣ್ಯ ಇನ್ನೆಷ್ಟು ದೂರವೆಂದು ಕೇಳಿದಾಗ, ವೇಗವಾಗಿ ಹೋದರೆ ಐದು ರಾತ್ರಿಗಳ ದಾರಿಯೆಂದು ಅವರು ಹೇಳಿದರು. ಆ ಒಂದು ಮಾತು ಆಕೆಯ ದಿನಗಳ ಲೆಕ್ಕವನ್ನೂ ಅಕ್ಕಿಹಿಟ್ಟುಗಳ ಲೆಕ್ಕವನ್ನೂ ಹಗುರಮಾಡಿತು. ನೆಲವನ್ನು ಬಲ್ಲವರ ಬಾಯಿಮಾತೂ ಒಂದು ನಕ್ಷೆಯೇ ಸರಿ.

ಇವೆಲ್ಲ ಹಳೆಯ ಕಾಲದ ಕಷ್ಟಗಳು, ಇಂದು ಪ್ರತಿಯೊಂದು ಹೊರೆದಾರಿಯನ್ನೂ ಅಳೆದು ಅಚ್ಚುಹಾಕಿದ್ದಾರಲ್ಲ ಎಂದು ವಾಚಕರು ಕೇಳಬಹುದು. ಅಚ್ಚಾದ ದಾರಿಯೂ ಒಂದು ಮಧ್ಯಾಹ್ನದಲ್ಲಿ ಇಲ್ಲವಾಗುವುದುಂಟು. ಅಮೆರಿಕ ಸಂಯುಕ್ತ ಸಂಸ್ಥಾನಗಳ ಮಿನ್ನೆಸೋಟ ಸಂಸ್ಥಾನದಲ್ಲಿ, ಕೆನಡಾದ ಗಡಿಯುದ್ದಕ್ಕೂ, ಹತ್ತು ಲಕ್ಷ ಎಕರೆಗೂ ಮಿಕ್ಕ ಬೌಂಡರಿ ವಾಟರ್ಸ್ ಎಂಬ ದೋಣಿಯಾತ್ರೆಯ ವನವಿದೆ. 1999ನೆಯ ಜುಲೈ 4ರಂದು ಅಲ್ಲಿ ಬೀಸಿದ ಬಿರುಗಾಳಿಯು ಕೋಟಿಗಟ್ಟಲೆ ಮರಗಳನ್ನು ಮಲಗಿಸಿತು. ಸುಮಾರು 60 ಮಂದಿ ಗಾಯಗೊಂಡರು. ಹೊರೆದಾರಿಗಳ ಮೇಲೆ ಮರದ ಮೇಲೆ ಮರ ಬಿದ್ದು, ಹತ್ತು ನಿಮಿಷದ ನಡಿಗೆಯು ಗಂಟೆಗಟ್ಟಲೆಯ ಗರಗಸದ ಕೆಲಸವಾಯಿತು. 2011ರಲ್ಲಿ ಅದೇ ವನದಲ್ಲಿ, ಆಗಸ್ಟ್ ತಿಂಗಳ ಸಿಡಿಲಿನಿಂದ ಹೊತ್ತಿ ಕೆಲವು ವಾರ ಮೆಲ್ಲಗೆ ಹೊಗೆಯಾಡುತ್ತಿದ್ದ ಪಗಾಮಿ ತೊರೆಯ ಬೆಂಕಿಯು, ಸೆಪ್ಟೆಂಬರ್ 12ರ ಒಂದೇ ದಿನದಲ್ಲಿ ಸುಮಾರು 16 ಮೈಲಿ ಓಡಿತು. ಕೊನೆಗೆ 92,000 ಎಕರೆಗಳನ್ನು ಮೀರಿ ಹಬ್ಬಿತು. ಬಂದ ದಾರಿಯ ಮೇಲೆಯೇ ಬೆಂಕಿಯಿದ್ದಾಗ, ಬಂದ ದಾರಿಯನ್ನಷ್ಟೇ ತೋರಿಸುವ ನಕ್ಷೆಯಿಂದ ಪ್ರಯೋಜನವೇನು?

ಆದುದರಿಂದ ಈ ಸೀಮೆಯ ಅನುಭವಿಗಳು ತಮ್ಮ ದಾರಿಯ ನಕ್ಷೆಯ ಜೊತೆಗೆ ಅದರ ನೆರೆಹೊರೆಯ ನಕ್ಷೆಯನ್ನೂ ಒಯ್ಯುತ್ತಾರೆ. ಕೆನಡಾದ ಸರ್ಕಾರಿ ನಕ್ಷೆಗಳಲ್ಲಿ ಎರಡು ಪ್ರಮಾಣಗಳು ಪ್ರಸಿದ್ಧವಾಗಿವೆ. 50,000ಕ್ಕೆ ಒಂದರ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಇದರಲ್ಲಿ ಚಿಕ್ಕ ತೊರೆ, ಜವುಗು, ದಿಣ್ಣೆಗಳೂ ಕಾಣುತ್ತವೆ. 2,50,000ಕ್ಕೆ ಒಂದರ ಹಾಳೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಎರಡೂವರೆ ಕಿಲೋಮೀಟರ್. ಇಂತಹ ಒಂದೇ ಹಾಳೆಯು ಮೊದಲನೆಯ ಬಗೆಯ ಹದಿನಾರು ಹಾಳೆಗಳ ನೆಲವನ್ನು ಒಳಕೊಳ್ಳುತ್ತದೆ. ಹೋಗುವ ದಾರಿಗೆ ದೊಡ್ಡ ಪ್ರಮಾಣದ ಹಾಳೆಗಳು, ಸುತ್ತಲಿನ ಸೀಮೆಗೆ ಚಿಕ್ಕ ಪ್ರಮಾಣದ್ದೊಂದು ಎಂಬ ಏರ್ಪಾಡಿನಿಂದ ಹೊರೆಯೂ ಹೆಚ್ಚದು, ಹೊರಜಗತ್ತು ಯಾವ ದಿಕ್ಕಿಗಿದೆಯೆಂಬುದೂ ಮರೆಯಾಗದು. ದಾರಿಯ ಸಮೀಪದಲ್ಲಿ ಒಳ್ಳೆಯ ಹೊರದಾರಿಯೊಂದು ಕಂಡರೆ ಅದಕ್ಕೆ ಮಾತ್ರ ದೊಡ್ಡ ಪ್ರಮಾಣದ ಹಾಳೆಯನ್ನು ಕೂಡಿಸಿಕೊಳ್ಳಬೇಕು.

ಹೊರಡುವ ಮೊದಲೇ, ಮನೆಯ ಮೇಜಿನ ಮೇಲೆ, ದೀಪದ ಬೆಳಕಿನಲ್ಲಿ ಮಾಡಬೇಕಾದ ಕೆಲಸವಿದು. ಪ್ರತಿ ರಾತ್ರಿಯ ತಂಗುದಾಣಕ್ಕೂ ಅತ್ಯಂತ ಸುಲಭವಾದ ಹೊರದಾರಿ ಯಾವುದೆಂದು ಗುರುತಿಸಿಕೊಳ್ಳಬೇಕು. ರಸ್ತೆ, ರೈಲುಹಳಿ, ವಿದ್ಯುತ್ ತಂತಿಯ ಸಾಲು, ಜನವಸತಿ ಇವು ನಾಲ್ಕನ್ನೂ ಹುಡುಕಬೇಕು. ಅತಿ ಹತ್ತಿರದ್ದೇ ಅತಿ ಸುಲಭವೆಂದು ಭಾವಿಸಬಾರದು. ಬೆರಳಿನಲ್ಲಿ ಅಳೆದರೆ ರಸ್ತೆಯು ಎರಡೇ ಕಿಲೋಮೀಟರ್ ಇರಬಹುದು. ನಡುವೆ ಜವುಗೂ ಹೆಣೆದುಕೊಂಡ ಕಾಡೂ ಇದ್ದರೆ ಅರ್ಧ ದಿನ ಸಾಲದು. ಇಪ್ಪತ್ತು ಕಿಲೋಮೀಟರ್ ತಿಳಿನೀರಿನ ದಾರಿ ಅದಕ್ಕಿಂತ ಲೇಸು. ಕೆಲವು ವೇಳೆ ನಕ್ಷೆಯನ್ನು ಬಿಚ್ಚಿ ನೋಡಿ, ಎಲ್ಲಿಗೂ ಹೋಗದೆ ಇದ್ದಲ್ಲಿಯೇ ಇರುವುದು ಮೇಲೆಂದು ತೀರ್ಮಾನಿಸಬೇಕಾಗುತ್ತದೆ. ಅದೂ ಆ ಹಾಳೆಯ ಉಪಕಾರವೇ.

ಹಾಳೆ ಹೊಸದಾಗಿರಬೇಕೆಂಬುದನ್ನು ಒತ್ತಿ ಹೇಳಬೇಕಾಗಿದೆ. ಅಲ್ಗಾಂಕ್ವಿನ್ ವನದ ಉತ್ತರಭಾಗದಲ್ಲಿ, ಬ್ರೆಂಟ್ ಎಂಬ ಹಳ್ಳಿಯ ಮೂಲಕ, ಬಹುಕಾಲ ಒಂದು ರೈಲುದಾರಿಯಿತ್ತು. 1995ರಲ್ಲಿ ಕೊನೆಯ ರೈಲು ಓಡಿತು; ಅನಂತರ ಹಳಿಗಳನ್ನೇ ಕಿತ್ತುಹಾಕಿದರು. ಹಳೆಯ ನಕ್ಷೆಯಲ್ಲಿ ಆ ಗೆರೆ ಇನ್ನೂ ಠೀವಿಯಿಂದ ಇದೆ. ಹಬ್ಬರ್ಡನು ದೂರದಿಂದ ಕಂಡ ಮಿಚಿಕಮಾವ್ ಸರೋವರವೂ 1970ರ ದಶಕದಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಸ್ಮಾಲ್‌ವುಡ್ ಜಲಾಶಯದಲ್ಲಿ ಒಂದಾಗಿಹೋಗಿದೆ. ಆದಕಾರಣ ನಕ್ಷೆಯ ಅಂಚಿನಲ್ಲಿ ಅಚ್ಚಾದ ವರ್ಷವನ್ನು ಮೊದಲು ಓದಬೇಕು. ಆಮೇಲೆ ದಿಕ್ಸೂಚಿಯ ತಿದ್ದುಪಡಿಯನ್ನು ಓದಬೇಕು. ಅಲ್ಗಾಂಕ್ವಿನ್ ಸೀಮೆಯಲ್ಲಿ ಸೂಜಿಯು ನಿಜವಾದ ಉತ್ತರಕ್ಕಿಂತ ಪಶ್ಚಿಮಕ್ಕೆ ಹತ್ತು ಡಿಗ್ರಿಗೂ ಮಿಕ್ಕಿ ವಾಲುತ್ತದೆ. ಹತ್ತು ಡಿಗ್ರಿಯ ತಪ್ಪು ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಸುಮಾರು 175 ಮೀಟರಿನ ತಪ್ಪಾಗುತ್ತದೆ. ಕಾಡಿನಲ್ಲಿ ಒಂದು ಹೊರೆದಾರಿಯ ಬಾಯಿಯನ್ನು ಕಳೆದುಕೊಳ್ಳಲು ಅಷ್ಟು ಸಾಕು.

ಎರಡು ನಕ್ಷೆಗಳನ್ನೂ ಒಂದೇ ಗಂಟಿನಲ್ಲಿಡುವುದು ಎರಡು ಬೀಗದ ಕೈಗಳನ್ನು ಒಂದೇ ದಾರಕ್ಕೆ ಪೋಣಿಸಿದಂತೆ. ಮಗುಚಿದ ದೋಣಿಯ ಜೊತೆಗೆ ಎರಡೂ ಹೋಗುತ್ತವೆ. ನೀರು ಹೊಗದ ಚೀಲಗಳಲ್ಲಿ ಕಟ್ಟಿ, ಬೇರೆ ಬೇರೆ ದೋಣಿಗಳಲ್ಲಿ, ಬೇರೆ ಬೇರೆಯವರ ವಶದಲ್ಲಿ ಇಡಬೇಕು. ಜೊತೆಯವರೆಲ್ಲರಿಗೂ ಅವನ್ನು ಓದಲು ಬರಬೇಕು. ಜ್ವರ ಬರುವುದು ನಕ್ಷೆ ಬಲ್ಲವನಿಗೇ ಆಗಬಹುದು. ಮೂರನೆಯ ಪ್ರತಿಯೊಂದನ್ನು, ಹೊರದಾರಿಗಳನ್ನು ಗುರುತಿಸಿ, ಮನೆಯಲ್ಲಿ ಬಿಟ್ಟು ಹೋಗಬೇಕು. ಹೇಳಿದ ದಿನಕ್ಕೆ ಬರದಿದ್ದರೆ ಎಲ್ಲೆಲ್ಲಿ ಹುಡುಕಬೇಕೆಂಬುದು ಕಾದಿರುವವರಿಗೆ ತಿಳಿದಿರಬೇಕಲ್ಲವೆ?

ಇಂದು ಆಕಾಶದ ಉಪಗ್ರಹಗಳೊಡನೆ ಮಾತಾಡುವ ಅಂಗೈಯಗಲದ ಯಂತ್ರಗಳು ಬಂದಿವೆ. ಗುಂಡಿಯೊಂದನ್ನು ಒತ್ತಿದರೆ ಸಹಾಯದ ಕರೆ ಹೋಗುತ್ತದೆ. ಅವನ್ನು ಒಯ್ಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಯಂತ್ರದ ಶಕ್ತಿ ಚಳಿಯಲ್ಲಿ ಬೇಗ ಕುಗ್ಗುತ್ತದೆ. ನೀರಿಗೆ ಬಿದ್ದರೆ ಕೈಕೊಡಬಹುದು. ಕರೆ ಮುಟ್ಟಿದರೂ, ಹೊಗೆಯಲ್ಲಿ ಅಥವಾ ಬಿರುಗಾಳಿಯಲ್ಲಿ ವಿಮಾನವು ಇಳಿಯಲಾರದು. ಸಹಾಯ ಬರುವ ತನಕದ ಗಂಟೆಗಳು ನಮ್ಮವೇ. ಅಂಗೈಯಗಲದ ಗಾಜಿನಲ್ಲಿ ಒಂದು ಕೊಲ್ಲಿ ಕಾಣುತ್ತದೆ. ಡೇರೆಯ ನೆಲದ ಮೇಲೆ ಹಾಸಿದ ಕಾಗದದಲ್ಲಿ ಇಡೀ ಸೀಮೆ ಕಾಣುತ್ತದೆ. ನಾಲ್ವರು ಸುತ್ತ ಕುಳಿತು ಬೆರಳಿಟ್ಟು ಮಾತಾಡಲು ಅನುಕೂಲವಾದದ್ದು ಕಾಗದವೇ.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಹೋದವರಲ್ಲಿ ಬಹುಮಂದಿಗೆ ಆ ಎರಡನೆಯ ಹಾಳೆಯ ಮಡಿಕೆಯನ್ನು ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ಬರದಿರಲೆಂದೇ ನಮ್ಮ ಹಾರೈಕೆ. ಹಾಗೆಂದು ಅದು ವ್ಯರ್ಥವಾಯಿತೆಂದು ಯಾರೂ ಎಣಿಸಬೇಕಾಗಿಲ್ಲ. ಅದರ ತೂಕ ಕೆಲವೇ ತೊಲಗಳು. ಆದರೆ ಹೊರದಾರಿಯನ್ನು ಬಲ್ಲವನು ಸಂಜೆ ದಡದ ಬಂಡೆಯ ಮೇಲೆ ಕುಳಿತು, ನೀರಿನ ಬಣ್ಣ ಮಾಗುವುದನ್ನೂ ಲೂನ್ ಹಕ್ಕಿಯ ಕೂಗನ್ನೂ ನಿಶ್ಚಿಂತೆಯಿಂದ ಅನುಭವಿಸುತ್ತಾನೆ. ಅವನ ಮನೆಯವರೂ ಅಂದಿನ ರಾತ್ರಿ ನೆಮ್ಮದಿಯಿಂದ ದೀಪವಾರಿಸುತ್ತಾರೆ.